ಉದ್ಘಾಟನೆ ಆದಮೇಲೆ ಸೈಟ್ ನೋಡಿಕೊಳ್ಳುವವರು ಯಾರು?

ದೊಡ್ಡ ಸರ್ಕಾರಿ ಜಾಲತಾಣಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ನಮಸ್ಕಾರ.

ಜನ ದಿನವೂ ಬಳಸುವ ಸರ್ಕಾರಿ ಸೈಟೊಂದರ ಹಿಂದಿನ ಸರ್ವರ್, ಡೇಟಾಬೇಸ್, ಕೋಡ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ. ಸೈಟ್ ಕಟ್ಟುವಾಗ ಕೊಡುವ ದುಡ್ಡು, ಗಮನ ಮತ್ತು ಒಳ್ಳೆಯ ಜನ, ಇವುಗಳ ದೊಡ್ಡ ಪಾಲನ್ನು ಅದನ್ನು ನಡೆಸುವುದಕ್ಕೂ ಕೊಡಿ. ಸೈಟ್ ಬದುಕಿರುವಷ್ಟು ಕಾಲ, ಪ್ರತಿ ವರ್ಷವೂ ಕೊಡಿ.

ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ಟೆಂಡರ್ ಕರೆಯುತ್ತಾರೆ. ಒಂದು ಕಂಪನಿಗೆ ಕೆಲಸ ಸಿಗುತ್ತದೆ. ಉದ್ಘಾಟನೆಯ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. ಆ ದಿನಾಂಕಕ್ಕೆ ಮುಟ್ಟಿಸುವ ಧಾವಂತದಲ್ಲಿ ಪರೀಕ್ಷೆ, ದಾಖಲೆ ಬರೆಯುವುದು, ಎಚ್ಚರಿಕೆ ವ್ಯವಸ್ಥೆ ಎಲ್ಲವೂ ಮುಂದಕ್ಕೆ ಹೋಗುತ್ತವೆ. ಬಟನ್ ಒತ್ತುತ್ತಾರೆ, ಫೋಟೋ ತೆಗೆಯುತ್ತಾರೆ. ಮೂರು ತಿಂಗಳಲ್ಲಿ ಕಟ್ಟಿದವರೆಲ್ಲ ಬೇರೆ ಪ್ರಾಜೆಕ್ಟ್‌ಗೆ ಹೋಗಿರುತ್ತಾರೆ. ಉಳಿಯುವುದು ಒಂದು ನಿರ್ವಹಣೆ ಗುತ್ತಿಗೆ, ಒಬ್ಬಿಬ್ಬರು ಹುಡುಗರು, ಒಂದು ಪಾಸ್‌ವರ್ಡ್ ಪಟ್ಟಿ. ಕೋಡ್ ಯಾಕೆ ಹಾಗೆ ಬರೆದಿದ್ದಾರೆ ಅಂತ ಕೇಳಿದರೆ ಹೇಳುವವರು ಇರುವುದಿಲ್ಲ.

ಅಂಗಡಿಯ ಸೈಟ್ ಕೆಟ್ಟರೆ ಗಿರಾಕಿ ಪಕ್ಕದ ಸೈಟ್‌ಗೆ ಹೋಗುತ್ತಾನೆ. ಜನನ ಪ್ರಮಾಣಪತ್ರ ಕೊಡಲು ಎರಡನೇ ಸರ್ಕಾರ ಇಲ್ಲ. ಅದಕ್ಕೇ ಈ ಸೈಟ್‌ಗಳನ್ನು ನೋಡಿಕೊಳ್ಳುವ ಕೆಲಸ ಬೇರೆಲ್ಲಕ್ಕಿಂತ ಜಾಸ್ತಿ ಗಟ್ಟಿಯಾಗಿರಬೇಕು ಅಂತ ನಾನು ನಂಬಿದ್ದೇನೆ.

2013ರ ಅಕ್ಟೋಬರ್ 1ರಂದು ಅಮೆರಿಕದಲ್ಲಿ ಹೆಲ್ತ್‌ಕೇರ್ ಡಾಟ್ ಗವ್ ಎಂಬ ಸೈಟ್ ತೆರೆಯಿತು. ಆರೋಗ್ಯ ವಿಮೆಗೆ ಸೇರಲು ಜನ ಮುಗಿಬಿದ್ದರು. ಮೊದಲ ದಿನ ಕೊನೆಯ ಹಂತದವರೆಗೆ ಹೋಗಿ ವಿಮೆಗೆ ಸೇರಲು ಆದದ್ದು ಬರೀ 6 ಜನಕ್ಕೆ. ದುಡ್ಡಿಗೆ ಅಲ್ಲಿ ಕೊರತೆ ಇರಲಿಲ್ಲ. ಬುದ್ಧಿವಂತ ಎಂಜಿನಿಯರ್‌ಗಳಿಗೂ ಇರಲಿಲ್ಲ. ಹತ್ತಾರು ಗುತ್ತಿಗೆ ಕಂಪನಿಗಳು ತಮ್ಮ ತಮ್ಮ ತುಂಡು ಕಟ್ಟಿದ್ದವು. ಇಡೀ ಸೈಟ್ ನನ್ನ ಹೊಣೆ ಅಂತ ಹೇಳುವವರು ಯಾರೂ ಇರಲಿಲ್ಲ. ವಿಮೆ ಯೋಜನೆಗಳನ್ನು ಸುಮ್ನೆ ಒಮ್ಮೆ ನೋಡಬೇಕೆಂದರೂ ಮೊದಲು ಅಕೌಂಟ್ ತೆರೆಯಬೇಕಿತ್ತು. ಹಾಗಾಗಿ ಬಂದವರೆಲ್ಲ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡರು. ಸೈಟಿನ ಯಾವ ಭಾಗ ನಿಧಾನವಾಗಿದೆ, ಎಲ್ಲಿ ಒಡೆದಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡ್ ಕೂಡ ಇರಲಿಲ್ಲ.

ಆಮೇಲೆ ಅದನ್ನು ಸರಿಮಾಡಿದ ರೀತಿ ನೋಡಿ. ಹೊರಗಿನಿಂದ ಅನುಭವಿ ಎಂಜಿನಿಯರ್‌ಗಳನ್ನು ಕರೆಸಿದರು. ಬೇರೆ ಬೇರೆ ಕಂಪನಿಯವರನ್ನು ಒಟ್ಟಿಗೆ ಕೂರಿಸಿದರು. ದಿನಕ್ಕೆ ಎರಡು ಸಲ ಸಭೆ. ತಪ್ಪು ಯಾರದ್ದು ಎಂಬ ಮಾತಿಗೆ ಅಲ್ಲಿ ಜಾಗ ಇರಲಿಲ್ಲ. ಏನು ಕೆಟ್ಟಿದೆ, ಯಾರು ಸರಿಮಾಡುತ್ತಾರೆ, ಅಷ್ಟೇ ಮಾತು. ಮೊದಲು ಅಳೆಯಲು ಶುರು ಮಾಡಿದರು. ಪದೇಪದೇ ಕೇಳುವ ಮಾಹಿತಿಯನ್ನು ಡೇಟಾಬೇಸಿಗೆ ಹೋಗದೆ, ಬೇಗ ಸಿಗುವ ಹಾಗೆ ತೆಗೆದಿಟ್ಟ ಪ್ರತಿಯಿಂದಲೇ (ಇದಕ್ಕೆ ಕ್ಯಾಶ್ ಅನ್ನುತ್ತಾರೆ) ಕೊಡುವ ಹಾಗೆ ಮಾಡಿದರು. ಡಿಸೆಂಬರ್ ಹೊತ್ತಿಗೆ ಬಹುಪಾಲು ಜನಕ್ಕೆ ಸೈಟ್ ಕೆಲಸ ಮಾಡುತ್ತಿತ್ತು. ಆ ಅನುಭವದಿಂದಲೇ 2014ರ ಆಗಸ್ಟ್‌ನಲ್ಲಿ ಯುಎಸ್ ಡಿಜಿಟಲ್ ಸರ್ವಿಸ್ ಎಂಬ ತಂಡ ಸರ್ಕಾರದ ಒಳಗೇ ಹುಟ್ಟಿತು. ಎರಡು ತಿಂಗಳಲ್ಲಿ ಅಷ್ಟು ಸುಧಾರಣೆ ಸಾಧ್ಯವಾದದ್ದು ಹೊಸ ತಂತ್ರಜ್ಞಾನದಿಂದ ಅಲ್ಲ. ಹೊಣೆ ಹೊತ್ತು ನೋಡಿಕೊಳ್ಳುವವರು ಬಂದದ್ದರಿಂದ.

ಈಗ ಕೊನೆಯ ದಿನಾಂಕದ ವಿಷಯಕ್ಕೆ ಬರುತ್ತೇನೆ. ಅರ್ಜಿ ಹಾಕಲು ಒಂದು ತಿಂಗಳು ಇದ್ದರೂ ಜಾಸ್ತಿ ಜನ ಬರುವುದು ಕೊನೆಯ ದಿನ, ಕೊನೆಯ ಗಂಟೆಗಳಲ್ಲಿ. ಇದು ಜನರ ತಪ್ಪಲ್ಲ. ದಾಖಲೆ ಹೊಂದಿಸಲು ಸಮಯ ಬೇಕು, ದಿನದ ಕೆಲಸ ಮುಗಿಸಿ ಕೂರಬೇಕು. ಆ ರಾತ್ರಿ ಸೈಟ್ ಬಿದ್ದರೆ ‘ಸರ್ವರ್ ಬ್ಯುಸಿ’ ಅಂತ ಹೇಳಿ ಸುಮ್ಮನಾಗುತ್ತೇವೆ. ಒಳಗೆ ನಿಜವಾಗಿ ಏನಾಗುತ್ತದೆ ಅಂತ ಹೇಳುತ್ತೇನೆ, ದಯವಿಟ್ಟು ಓದಿ.

ಡೇಟಾಬೇಸಿಗೆ 100 ಕನೆಕ್ಷನ್ ಇವೆ, ಅಂದರೆ ಒಂದೇ ಹೊತ್ತಿಗೆ 100 ಕೆಲಸ ನಡೆಯಬಹುದು ಅಂದುಕೊಳ್ಳಿ. ಒಂದು ಅರ್ಜಿಯ ಕೆಲಸಕ್ಕೆ 50 ಮಿಲಿಸೆಕೆಂಡ್ ಸಾಕಾದರೆ ಒಂದು ಕನೆಕ್ಷನ್ ಸೆಕೆಂಡಿಗೆ 20 ಕೆಲಸ ಮುಗಿಸುತ್ತದೆ. ಒಟ್ಟು 2,000. ಡೇಟಾ ಬೆಳೆಯುತ್ತಾ ಹೋಯಿತು, ಡೇಟಾಬೇಸಿನ ಒಂದು ಟೇಬಲ್‌ಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಬೇಕಾದ್ದನ್ನು ಬೇಗ ಹುಡುಕಿಕೊಡುವ ಪಟ್ಟಿ) ಹಾಕಿರಲಿಲ್ಲ, ಯಾರೂ ಗಮನಿಸಲಿಲ್ಲ. ಈಗ ಅದೇ ಕೆಲಸಕ್ಕೆ 2 ಸೆಕೆಂಡ್ ಬೇಕು. ಅದೇ ಸರ್ವರ್, ಅದೇ 100 ಕನೆಕ್ಷನ್. ಸೆಕೆಂಡಿಗೆ ಮುಗಿಯುವುದು 50 ಮಾತ್ರ. ಉಳಿದವರು ಕಾಯುತ್ತಾರೆ. ಪರದೆಯಲ್ಲಿ ಚಕ್ರ ತಿರುಗುತ್ತದೆ. ಕಾದು ಸಾಕಾಗಿ ರಿಫ್ರೆಶ್ ಒತ್ತುತ್ತಾರೆ. ಹಳೆಯ ಕೋರಿಕೆ ಒಳಗೆ ಇನ್ನೂ ಓಡುತ್ತಿರುತ್ತದೆ, ಹೊಸದೂ ಸಾಲಿಗೆ ಸೇರುತ್ತದೆ. ಉತ್ತರ ಬರಲಿಲ್ಲ ಎಂದು, ಸರ್ವರ್‌ಗಳಿಗೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸರ್ ಒಂದು ಸರ್ವರ್ ಅನ್ನು ಕೆಟ್ಟಿದೆ ಅಂತ ತೀರ್ಮಾನಿಸಿ ಪಕ್ಕಕ್ಕೆ ಇಡುತ್ತದೆ. ಅದರ ಭಾರ ಮಿಕ್ಕವುಗಳ ಮೇಲೆ ಬೀಳುತ್ತದೆ. ಅವೂ ಒಂದೊಂದಾಗಿ ಮಲಗುತ್ತವೆ.

ಇಷ್ಟಕ್ಕೂ ಕಾರಣ ಒಂದು ಇಂಡೆಕ್ಸ್ ಇಲ್ಲದ್ದು. ಹೊಸ ಸರ್ವರ್ ಕೊಂಡಿದ್ದರೂ ಇದು ನಿಲ್ಲುತ್ತಿರಲಿಲ್ಲ. ನಿಧಾನವಾಗಿರುವ ಕ್ವೆರಿಗಳ (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳ) ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವ ಒಬ್ಬರು ಇದ್ದಿದ್ದರೆ ತಿಂಗಳ ಹಿಂದೆಯೇ ಸಿಗುತ್ತಿತ್ತು. ಆ ಒಬ್ಬರ ಸಂಬಳವನ್ನೇ ನಾವು ಉಳಿತಾಯ ಅಂತ ಕಡಿತ ಮಾಡುತ್ತೇವೆ.

ಆ ರಾತ್ರಿಗೆ ತಯಾರಾಗುವ ದಾರಿಗಳು ಎಲ್ಲರಿಗೂ ಗೊತ್ತಿರುವವೇ. ಮಾಹಿತಿ ಓದುವ ಪುಟಗಳನ್ನು ಅರ್ಜಿ ಹಾಕುವ ಭಾಗದಿಂದ ಬೇರೆ ಇಡಬೇಕು. ಅರ್ಜಿ ಭಾಗ ಬಿದ್ದರೂ ನಿಯಮ, ಸಹಾಯವಾಣಿ ಸಂಖ್ಯೆ, ಕೊನೆಯ ದಿನಾಂಕ ಕಾಣುತ್ತಿರಬೇಕು. ತುಂಬಿದ್ದಷ್ಟು ಫಾರ್ಮ್ ತಾನಾಗಿ ಸೇವ್ ಆಗಬೇಕು. ತಡೆಯಲಾಗದಷ್ಟು ಜನ ಬಂದರೆ ಸಾಲಿನಲ್ಲಿ ನಿಲ್ಲಿಸಿ ‘ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ’ ಅಂತ ಹೇಳಬೇಕು. ಹಣ ಕಟ್ಟುವ ಬಟನ್ ಅನ್ನು ಯಾರಾದರೂ ಗಾಬರಿಯಲ್ಲಿ ಎರಡು ಸಲ ಒತ್ತಿದರೆ ಎರಡು ಸಲ ಹಣ ಹೋಗಬಾರದು. ಪ್ರತಿ ಪಾವತಿಗೂ ಮೊದಲೇ ಒಂದು ಗುರುತು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕಳಿಸಿದರೆ ಆಯಿತು. ಇದು ಕೆಲವೇ ದಿನಗಳ ಕೆಲಸ. ಮಾಡದೇ ಇದ್ದರೆ ಎರಡು ಸಲ ದುಡ್ಡು ಕಟ್ಟಿದ ಮನುಷ್ಯ ಅದನ್ನು ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆಯುತ್ತಾನೆ. ಇನ್ನೊಂದು ವಿಷಯ ನಿಮ್ಮ ಕೈಯಲ್ಲೇ ಇದೆ: ಸೈಟ್ ಗಂಟೆಗಟ್ಟಲೆ ಬಿದ್ದರೆ ಕೊನೆಯ ದಿನಾಂಕ ತಾನಾಗಿ ಮುಂದಕ್ಕೆ ಹೋಗುತ್ತದೆ ಎಂಬ ನಿಯಮ ಮಾಡಿ. ಅದಕ್ಕೆ ಒಂದು ಸಾಲು ಕೋಡ್ ಕೂಡ ಬೇಡ, ನಿಮ್ಮ ಸಹಿ ಸಾಕು.

ಭಾರ ಹೊರುವುದನ್ನು ಅಭ್ಯಾಸ ಮಾಡಿದರೆ ಸಾಲದು, ಬಿದ್ದು ಏಳುವುದನ್ನೂ ಅಭ್ಯಾಸ ಮಾಡಬೇಕು. 2016ರ ಆಗಸ್ಟ್ 9ರಂದು ಆಸ್ಟ್ರೇಲಿಯಾದ ಜನಗಣತಿ ಇತ್ತು. ಜನ ಆನ್‌ಲೈನ್‌ನಲ್ಲೇ ಫಾರ್ಮ್ ತುಂಬಬೇಕೆಂದು ಸರ್ಕಾರ ಬಯಸಿತ್ತು. ಆ ದಿನ ಸೈಟಿನ ಮೇಲೆ ಸುಳ್ಳು ಕೋರಿಕೆಗಳ ದಾಳಿ ಬಂತು. ಅದೇನೂ ದೊಡ್ಡ ದಾಳಿ ಆಗಿರಲಿಲ್ಲ ಎಂದು ಆಮೇಲೆ ನಡೆದ ಪರಿಶೀಲನೆ ಹೇಳಿತು. ಹೊರದೇಶದ ಟ್ರಾಫಿಕ್ ತಡೆಯುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲಿಲ್ಲ. ರೂಟರ್ ರೀಸ್ಟಾರ್ಟ್ ಮಾಡಿದರೆ ಅದು ಸರಿಯಾಗಿ ಮೇಲೇಳಲಿಲ್ಲ. ಮಾಹಿತಿ ಹೊರಗೆ ಹೋಗುತ್ತಿದೆಯೇನೋ ಎಂಬ ಸುಳ್ಳು ಎಚ್ಚರಿಕೆಯೂ ಬಂತು. ಕೊನೆಗೆ ಸೈಟನ್ನೇ ಮುಚ್ಚಿದರು. ಮತ್ತೆ ತೆರೆಯಲು ಸುಮಾರು 40 ಗಂಟೆ ಹಿಡಿಯಿತು. ಡೇಟಾ ಕಳುವಾಗಿರಲಿಲ್ಲ, ಆದರೆ ಜನರ ನಂಬಿಕೆಗೆ ಪೆಟ್ಟು ಬಿತ್ತು. ಆ ರೂಟರ್ ಅನ್ನು ಮುಂಚೆಯೇ ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ದರೆ ಕಥೆ ಬೇರೆ ಇರುತ್ತಿತ್ತು ಅಲ್ವಾ? ಪರಿಶೀಲನೆಯ ವರದಿಯನ್ನು ಅವರು ಮುಚ್ಚಿಡಲಿಲ್ಲ, ಎಲ್ಲರೂ ಓದುವ ಹಾಗೆ ಪ್ರಕಟಿಸಿದರು. 2021ರ ಗಣತಿ ಆನ್‌ಲೈನ್‌ನಲ್ಲಿ ಸುಸೂತ್ರವಾಗಿ ನಡೆಯಿತು.

ನಿರ್ವಹಣೆಯವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2018ರ ಡಿಸೆಂಬರ್ 22ರಿಂದ 35 ದಿನ ಅಮೆರಿಕದ ಕೇಂದ್ರ ಸರ್ಕಾರದ ಒಂದು ಭಾಗ ಬಜೆಟ್ ಜಗಳದಿಂದ ಮುಚ್ಚಿತ್ತು. ನೌಕರರು ಮನೆಯಲ್ಲಿದ್ದರು. ಸರ್ವರ್‌ಗಳು ಓಡುತ್ತಲೇ ಇದ್ದವು. ಜನವರಿಯ ಎರಡನೇ ವಾರದ ಹೊತ್ತಿಗೆ 80ಕ್ಕೂ ಜಾಸ್ತಿ ಸರ್ಕಾರಿ ಸೈಟ್ ಸರ್ಟಿಫಿಕೇಟ್‌ಗಳ, ಅಂದರೆ ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಪತ್ರಗಳ, ಅವಧಿ ಮುಗಿದಿತ್ತು. ಕೆಲವು ಸೈಟ್‌ಗಳನ್ನು ಬ್ರೌಸರ್ ತೆರೆಯಲು ಬಿಡಲೇ ಇಲ್ಲ. ಆ ಸರ್ವರ್‌ಗಳ ಮೇಲೆ ಯಾರೂ ದಾಳಿ ಮಾಡಿರಲಿಲ್ಲ. ಒಂದು ತಾರೀಖು ಬಂತು, ನವೀಕರಿಸುವವರು ಕುರ್ಚಿಯಲ್ಲಿ ಇರಲಿಲ್ಲ.

ಈ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ ಇಳಿಯುತ್ತಿದೆ. 2025ರಲ್ಲಿ ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿ ಒಪ್ಪಿದ ನಿಯಮದ ಪ್ರಕಾರ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ. ವರ್ಷಕ್ಕೊಮ್ಮೆ ಕಡತ ಓಡಿಸಿ, ಮೂರು ಸಹಿ ಹಾಕಿಸಿ ನವೀಕರಿಸುವ ಪದ್ಧತಿ ಇನ್ನು ನಡೆಯುವುದಿಲ್ಲ. ಅದು ತಾನಾಗಿ ಆಗುವ ಹಾಗೆ ಈಗಲೇ ಮಾಡಿಸಿ. ತಾನಾಗಿ ಆಗುವುದು ಒಂದು ದಿನ ನಿಂತರೆ ಫೋನ್ ಬಡಿಯುವ ಹಾಗೂ ಮಾಡಿಸಿ.

ಭದ್ರತೆಯದ್ದೂ ಇದೇ ಪಾಠ. 2014ರ ಏಪ್ರಿಲ್‌ನಲ್ಲಿ, ಸೈಟ್‌ಗಳ ಸಂಪರ್ಕವನ್ನು ಗುಪ್ತವಾಗಿಡುವ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬೆಳಕಿಗೆ ಬಂದಾಗ ಕೆನಡಾದ ತೆರಿಗೆ ಇಲಾಖೆ, ಜನ ತೆರಿಗೆ ವಿವರ ಸಲ್ಲಿಸುವ ದಿನಗಳಲ್ಲೇ, ಆನ್‌ಲೈನ್ ಸೇವೆ ಮುಚ್ಚಬೇಕಾಯಿತು. ಅಷ್ಟರಲ್ಲಿ ಸುಮಾರು 900 ಜನರ ಸಾಮಾಜಿಕ ವಿಮೆ ಸಂಖ್ಯೆ ಕಳುವಾಗಿತ್ತು. ಕೊನೆಯ ದಿನಾಂಕವನ್ನು ಮೇ 5ಕ್ಕೆ ಮುಂದೂಡಿದರು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ, ನಮ್ಮ ಕೋಡಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಭಾರಿ ದೋಷ ಸಿಕ್ಕಿತು. ಆಗ ಜಗತ್ತಿನ ಎಲ್ಲ ಐಟಿ ವಿಭಾಗಗಳೂ ಕೇಳಿಕೊಂಡ ಪ್ರಶ್ನೆ ಒಂದೇ: ಇದು ನಮ್ಮಲ್ಲಿ ಎಲ್ಲೆಲ್ಲಿ ಇದೆ? ತಮ್ಮ ಸೈಟಿನಲ್ಲಿ ಏನೇನು ಸೇರಿದೆ ಎಂಬ ಪಟ್ಟಿ ಇಟ್ಟುಕೊಂಡವರು ಬೇಗ ಉತ್ತರ ಕಂಡುಕೊಂಡರು. ಇಟ್ಟುಕೊಳ್ಳದವರು ಹುಡುಕುತ್ತಲೇ ಇದ್ದರು. ನಿಮ್ಮ ಸೈಟಿಗೆ ಆ ಪಟ್ಟಿ ಇದೆಯಾ? ದಯವಿಟ್ಟು ಕೇಳಿ ನೋಡಿ.

ಬ್ಯಾಕಪ್ ಬಗ್ಗೆ ನನಗೆ ಜಾಸ್ತಿ ಆತಂಕ. ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳಿಂದ ಶುರುವಾದ ಬೆಂಕಿ. ನೂರಾರು ಸರ್ಕಾರಿ ಸೇವೆಗಳು ಒಮ್ಮೆಲೇ ನಿಂತವು. ಸರ್ಕಾರಿ ನೌಕರರು ತಮ್ಮ ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯಲ್ಲಿ 858 ಟೆರಾಬೈಟ್ ಮಾಹಿತಿ ಇತ್ತು. ಗಾತ್ರ ತೀರಾ ದೊಡ್ಡದು ಎಂದು ಹೊರಗೆಲ್ಲೂ ಅದರ ಬ್ಯಾಕಪ್ ಇಟ್ಟಿರಲಿಲ್ಲ. ಅದು ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾಗಿದೆ ಎಂದಮೇಲೆ ನಾವೆಲ್ಲ ಒಂದು ಕೆಲಸ ಮಾಡಲೇಬೇಕು. ಬ್ಯಾಕಪ್ ಇದೆ ಎಂಬ ವರದಿ ಕೇಳಬೇಡಿ. ಅದರಿಂದ ಒಂದು ಖಾಲಿ ಸರ್ವರ್ ಮೇಲೆ ಸೈಟನ್ನು ಮತ್ತೆ ಎಬ್ಬಿಸಿ ತೋರಿಸಿ ಅಂತ ಕೇಳಿ. ಎಷ್ಟು ಗಂಟೆ ಬೇಕಾಯಿತು, ಎಷ್ಟು ಹೊತ್ತಿನ ಡೇಟಾ ಹೋಯಿತು, ಬರೆದಿಡಿ. ಮೊದಲ ಸಲ ಮಾಡಿದಾಗ ಖಂಡಿತ ಏನೋ ಒಂದು ಸಿಗುತ್ತದೆ: ಬ್ಯಾಕಪ್ ತೆರೆಯುವ ಗುಪ್ತ ಕೀಲಿ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುತ್ತದೆ, ಅಪ್‌ಲೋಡ್ ಮಾಡಿದ ಫೈಲ್‌ಗಳು ಬ್ಯಾಕಪ್‌ಗೆ ಸೇರಿಯೇ ಇರುವುದಿಲ್ಲ.

ಇಷ್ಟೆಲ್ಲ ಸರ್ವರ್ ಮಾತಾಯಿತು. ಈಗ ಜನರ ಕಡೆಯಿಂದ ಒಂದು ಫಾರ್ಮ್ ಹತ್ತಿರದಿಂದ ನೋಡಿ. ಒಬ್ಬರು ಮೊಬೈಲ್‌ನಲ್ಲಿ ಅರ್ಜಿ ತುಂಬುತ್ತಿದ್ದಾರೆ. ಹೆಸರಿನ ಜಾಗದಲ್ಲಿ ‘ಕೊನೆಯ ಹೆಸರು’ ಕಡ್ಡಾಯ. ಅವರಿಗೆ ಇರುವುದು ಒಂದೇ ಹೆಸರು. ಅದನ್ನೇ ಎರಡು ಸಲ ಬರೆಯುತ್ತಾರೆ. ಮುಂದೆ ಬೇರೆ ದಾಖಲೆಗೆ ಹೆಸರು ಹೊಂದುವುದಿಲ್ಲ ಅಂತ ಅರ್ಜಿ ತಿರಸ್ಕಾರ ಆಗಲು ಇದೇ ಕಾರಣ ಆಗುತ್ತದೆ. ಫೋಟೋ 50 ಕೆಬಿ ಒಳಗಿರಬೇಕು. ಫೋನ್ ತೆಗೆಯುವ ಫೋಟೋ 4 ಎಂಬಿ. ಚಿಕ್ಕದು ಮಾಡುವುದು ಹೇಗೆ ಅಂತ ಅವರಿಗೆ ಗೊತ್ತಿಲ್ಲ. ನಮ್ಮ ಸರ್ವರ್‌ಗೆ ಅದು ಕ್ಷಣದ ಕೆಲಸ, ಆದರೂ ನಾವು ಮಾಡುವುದಿಲ್ಲ. ಅವರು ಬೇರೆ ಆ್ಯಪ್ ಹುಡುಕಿ, ಫೋಟೋ ಚಿಕ್ಕದು ಮಾಡಿಕೊಂಡು ವಾಪಸ್ ಬರುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಎಲ್ಲ ಮೊದಲಿನಿಂದ. ಮತ್ತೆ ತುಂಬಿ ಒತ್ತಿದರೆ ‘ಅಮಾನ್ಯ ಮಾಹಿತಿ’ ಎಂಬ ಕೆಂಪು ಅಕ್ಷರ. ಯಾವ ಮಾಹಿತಿ, ಯಾಕೆ ಅಮಾನ್ಯ, ಏನೂ ಇಲ್ಲ. ಕೊನೆಗೆ ಯಾರಿಗೋ ದುಡ್ಡು ಕೊಟ್ಟು ತುಂಬಿಸುತ್ತಾರೆ. ಅವರ ಪಾಸ್‌ವರ್ಡ್ ಆ ಮೂರನೆಯವರ ಹತ್ತಿರ ಉಳಿಯುತ್ತದೆ.

ನಮ್ಮ ವರದಿಯಲ್ಲಿ ಇದೆಲ್ಲ ಎಲ್ಲೂ ಕಾಣುವುದಿಲ್ಲ. ಸೈಟ್ ಶೇಕಡ 99.9 ಹೊತ್ತು ಚಾಲ್ತಿಯಲ್ಲಿತ್ತು ಅಂತ ಮಾತ್ರ ಕಾಣುತ್ತದೆ. ಆ ಲೆಕ್ಕ ಸುಳ್ಳಲ್ಲ, ಆದರೆ ಅದು ತಪ್ಪು ಪ್ರಶ್ನೆಗೆ ಉತ್ತರ. ಶುರು ಮಾಡಿದವರಲ್ಲಿ ಎಷ್ಟು ಜನ ಕೊನೆ ಮುಟ್ಟಿದರು, ಯಾವ ಪುಟದಲ್ಲಿ ಬಿಟ್ಟುಹೋದರು, ಇದನ್ನು ಅಳೆಯಿರಿ. ಈ ಅಳತೆಯನ್ನು ತಿಂಗಳು ತಿಂಗಳು ನೋಡಿ ಒಂದೊಂದೇ ಅಡ್ಡಿ ತೆಗೆಯುವುದೇ ನಿರ್ವಹಣೆ. ಬರೀ ಸರ್ವರ್ ಬೀಳದಂತೆ ಕಾಯುವುದು ಅದರ ಅರ್ಧ ಮಾತ್ರ.

ಪುಟದ ತೂಕವನ್ನೂ ಮರೆಯಬೇಡಿ. ಹಳೆಯ ಫೋನ್, ಕೆಟ್ಟ ಸಿಗ್ನಲ್ ಇರುವವರಿಗೇ ಸರ್ಕಾರಿ ಸೇವೆ ಹೆಚ್ಚು ಬೇಕಾಗಿರುವುದು. ಬ್ರಿಟನ್ ಸರ್ಕಾರದ ಮುಖ್ಯ ಸೈಟ್ ಗವ್ ಡಾಟ್ ಯುಕೆಯ ತಂಡ 2022ರಲ್ಲಿ ತನ್ನ ಪುಟಗಳಿಂದ ಜೆಕ್ವೆರಿ ಎಂಬ ಸುಮಾರು 32 ಕೆಬಿಯ ಲೈಬ್ರರಿಯನ್ನು ತೆಗೆದುಹಾಕಿತು. ಅದನ್ನು ನೆಚ್ಚಿಕೊಂಡಿದ್ದ ಕೋಡ್ ಎಲ್ಲ ಮತ್ತೆ ಬರೆಯಬೇಕಾಯಿತು. 32 ಕೆಬಿಗೆ ಇಷ್ಟೆಲ್ಲಾ ಯಾಕೆ ಅನಿಸಬಹುದು. ನಿಧಾನ ನೆಟ್‌ವರ್ಕ್ ಇದ್ದವರಿಗೆ ಪುಟ ಬೇಗ ತೆರೆಯಿತು, ಅದಕ್ಕೆ. ಇಂಥ ಕೆಲಸಕ್ಕೆ ಉದ್ಘಾಟನೆ ಇರುವುದಿಲ್ಲ. ಯಾವ ಟೆಂಡರ್‌ನಲ್ಲೂ ಇದು ಬರೆದಿರುವುದಿಲ್ಲ. ಸೈಟನ್ನು ತಮ್ಮದು ಅಂದುಕೊಂಡ ತಂಡ ಮಾತ್ರ ಇದನ್ನು ಮಾಡುತ್ತದೆ.

ಅದೇ ಗವ್ ಡಾಟ್ ಯುಕೆ 2012ರ ಅಕ್ಟೋಬರ್ 17ರಂದು ಎರಡು ದೊಡ್ಡ ಹಳೆಯ ಸೈಟ್‌ಗಳ ಜಾಗಕ್ಕೆ ಬಂತು. ಮುಂದೆ ನೂರಾರು ಇಲಾಖೆ, ಸಂಸ್ಥೆಗಳ ಸೈಟ್‌ಗಳು ಅದರೊಳಗೆ ಸೇರಿದವು. ಹಳೆಯ ವಿಳಾಸಗಳನ್ನು ಹೊಸ ವಿಳಾಸಗಳಿಗೆ ಜೋಡಿಸುವ ಕೆಲಸಕ್ಕೇ ಜನರನ್ನು ಇಟ್ಟಿದ್ದರು. ಹೊಸ ಜಾಗ ಇಲ್ಲದ ಪುಟಗಳಿಗೆ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಪ್ರತಿಯ ಕಡೆ ದಾರಿ ತೋರಿಸಿದರು. ಬೇರೆ ಕಡೆ ಸೈಟ್ ಹೊಸದಾಗಿ ಕಟ್ಟಿದಾಗಲೆಲ್ಲ ಹಳೆಯ ಕೊಂಡಿಗಳೆಲ್ಲ ಸಾಯುತ್ತವೆ. ಕೋರ್ಟ್ ಆದೇಶದಲ್ಲಿ, ಪಠ್ಯಪುಸ್ತಕದಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ ಅಚ್ಚಾದ ವಿಳಾಸ ‘ಪುಟ ಸಿಗಲಿಲ್ಲ’ ಎನ್ನುತ್ತದೆ. ಸರ್ಕಾರ ಒಮ್ಮೆ ಕೊಟ್ಟ ವಿಳಾಸ ಮುಂದೆಯೂ ಕೆಲಸ ಮಾಡಬೇಕು.

ಹೊಸ ಸೈಟ್ ಕಟ್ಟುವ ಆಸೆ ಬಗ್ಗೆಯೂ ಒಂದು ಮಾತು. ಹಳೆಯದನ್ನು ಐದು ವರ್ಷ ನೋಡಿಕೊಳ್ಳದೆ ಬಿಟ್ಟು, ಆಮೇಲೆ ಇದು ಕೆಟ್ಟಿದೆ, ಪೂರ್ತಿ ಹೊಸದು ಕಟ್ಟೋಣ ಅನ್ನುವುದು ತುಂಬಾ ಕಡೆ ನಡೆಯುತ್ತದೆ. ಹಳೆಯ ಕೋಡಿನ ವಿಚಿತ್ರ ಸಾಲುಗಳಲ್ಲಿ ವರ್ಷಗಳ ನಿಯಮ, ಕೋರ್ಟ್ ತೀರ್ಪು, ವಿಶೇಷ ಸಂದರ್ಭ ಎಲ್ಲ ಅಡಗಿರುತ್ತವೆ. ಹೊಸದು ಕಟ್ಟುವವರಿಗೆ ಅವು ಗೊತ್ತಿರುವುದಿಲ್ಲ. ಉದ್ಘಾಟನೆ ಆದಮೇಲೆ ಒಂದೊಂದೇ ದೂರು ಬಂದಾಗ ಗೊತ್ತಾಗುತ್ತದೆ. ತುಂಡು ತುಂಡಾಗಿ ಬದಲಿಸಿ. ಈ ವಾರ ಒಂದು ಪುಟ, ಮುಂದಿನ ವಾರ ಇನ್ನೊಂದು. ಮೊದಲು ನೂರರಲ್ಲಿ ಒಬ್ಬರಿಗೆ ತೋರಿಸಿ, ಸರಿಯಿದ್ದರೆ ಎಲ್ಲರಿಗೂ. ಕೆಟ್ಟರೆ ಐದು ನಿಮಿಷದಲ್ಲಿ ಹಳೆಯದಕ್ಕೆ ವಾಪಸ್ ಹೋಗುವ ದಾರಿ ಇರಲಿ.

ಇದೆಲ್ಲ ಮಾಡಲು ಏನು ಬೇಕು? ನಿಮ್ಮದೇ ಕಚೇರಿಯಲ್ಲಿ, ನಿಮ್ಮದೇ ಸಂಬಳದ ಮೇಲೆ, ಈ ಸೈಟ್ ನನ್ನದು ಎನ್ನುವ ಒಂದು ಸಣ್ಣ ಕಾಯಂ ತಂಡ. ಗುತ್ತಿಗೆ ಕಂಪನಿ ಇರಲಿ, ಬೇಡ ಅನ್ನುತ್ತಿಲ್ಲ. ಆದರೆ ಕೋಡ್, ಡೊಮೇನ್ ಹೆಸರು, ಕ್ಲೌಡ್ ಅಕೌಂಟ್, ಕೀಲಿಗಳು ಸರ್ಕಾರದ ಹೆಸರಲ್ಲಿ ಇರಬೇಕು. ಕಂಪನಿ ಬದಲಾದ ದಿನ ಸೈಟಿನ ನೆನಪು ಹೊರಟುಹೋಗಬಾರದು. ರಾತ್ರಿ ಪಾಳಿ ನೋಡುವವರಿಗೆ ಮರುದಿನ ರಜೆ ಕೊಡಿ. ಮುರಿಯಿತು ಅಂತ ಮೊದಲು ಹೇಳಿದವರಿಗೆ ನೋಟಿಸ್ ಕೊಡಬೇಡಿ. ಒಂದು ಸಲ ನೋಟಿಸ್ ಕೊಟ್ಟರೆ ಮುಂದಿನ ಸಲ ನಿಮಗೆ ಸುದ್ದಿ ಪತ್ರಿಕೆಯಿಂದಲೇ ಗೊತ್ತಾಗುತ್ತದೆ. ಸೈಟ್ ಬಿದ್ದಾಗ ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡಿದ್ದೇವೆ ಅಂತ ಸರಳ ಮಾತಲ್ಲಿ ಬರೆದು ಜನರ ಮುಂದಿಡಿ. 2021ರ ಜೂನ್ 8ರಂದು, ಬೇರೆಯವರ ಸೈಟ್‌ಗಳ ಪುಟಗಳನ್ನು ಜನರಿಗೆ ಬೇಗ ತಲುಪಿಸುವ ಫಾಸ್ಟ್ಲಿ ಎಂಬ ಕಂಪನಿಯ ಜಾಲ ಕೆಟ್ಟು ಗವ್ ಡಾಟ್ ಯುಕೆ ಸೇರಿ ಜಗತ್ತಿನ ಎಷ್ಟೋ ಸೈಟ್‌ಗಳು ಮುಚ್ಚಿದಾಗ, ಕಾರಣ ಏನು ಎಂದು ಆ ಕಂಪನಿ ಅದೇ ದಿನ ಬರೆದು ಪ್ರಕಟಿಸಿತು. ಖಾಸಗಿ ಕಂಪನಿ ಇದನ್ನು ಮಾಡಬಹುದಾದರೆ ಜನರ ದುಡ್ಡಲ್ಲಿ ನಡೆಯುವ ನಾವೂ ಮಾಡಬಹುದು.

ಮುಂದಿನ ಬಜೆಟ್ ಸಭೆಗೆ ಹೋಗುವ ಮುಂಚೆ ನಿಮ್ಮ ಸೈಟ್ ನೋಡಿಕೊಳ್ಳುವವರನ್ನು ಒಂದು ಗಂಟೆ ಕರೆಸಿ. ಕಂಪನಿಯ ಮ್ಯಾನೇಜರ್ ಬೇಡ, ರಾತ್ರಿ ಫೋನ್ ಎತ್ತುವವರೇ ಬರಲಿ. ಬ್ಯಾಕಪ್‌ನಿಂದ ಸೈಟ್ ಎಬ್ಬಿಸಿದ್ದು ಕೊನೆಯದಾಗಿ ಯಾವಾಗ, ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ, ಜನ ಯಾವ ಪುಟದಲ್ಲಿ ಬಿಟ್ಟುಹೋಗುತ್ತಿದ್ದಾರೆ, ನಿಮ್ಮಲ್ಲಿ ಒಬ್ಬರು ಕೆಲಸ ಬಿಟ್ಟರೆ ಏನು ನಿಲ್ಲುತ್ತದೆ ಅಂತ ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ಸಭೆಗೆ ಹೋಗಿ, ಅದಕ್ಕೆ ಎಷ್ಟು ಬೇಕೋ ಅಷ್ಟು ಕೇಳಿ.

ವಿಶ್ವಾಸದಿಂದ,
ಸರ್ಕಾರಿ ಸೈಟೊಂದರ ನಿರ್ವಹಣೆಯಲ್ಲಿರುವ ಎಂಜಿನಿಯರ್